ನಿಂತ ಕಣವನ್ನೂ ಲೆಕ್ಕಕ್ಕೆ ಹಿಡಿಯಿರಿ

ಶಿವಮೊಗ್ಗದಲ್ಲಿ ಭೌತವಿಜ್ಞಾನ ಕಲಿಸುತ್ತ, ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳ ಜೊತೆಗಿರುತ್ತ ನಾನು ಬಹುಕಾಲದಿಂದ ಬೆನ್ನುಹತ್ತಿರುವ ಪ್ರಶ್ನೆ ಒಂದಿದೆ. ಪೂರ್ತಿ ಕ್ರಮಬದ್ಧವೂ ಅಲ್ಲದ, ಪೂರ್ತಿ ಕೇಯಾಸ್ ಕೂಡ ಅಲ್ಲದ ಚಲನೆಯಲ್ಲಿ ಕಣಗಳು ಹೇಗೆ ಹರಡುತ್ತವೆ? ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಪೈಥಾನ್, ಕೂತು ನೋಡುವ ತಾಳ್ಮೆ ಇದ್ದರೆ ಸಣ್ಣ ಊರಿನಲ್ಲೂ ನಿಜವಾದ ಕೆಲಸ ಮಾಡಬಹುದು. ಈ ದಾರಿಗೆ ಬರುವವರಿಗೆ ಹೇಳಬೇಕೆನಿಸಿದ್ದು ಇಷ್ಟು.

1. ಸಹಜ ವಿಸರಣ ಮೊದಲು ಮನಸ್ಸಿಗೆ ಇಳಿಯಲಿ.

ಭದ್ರಾವತಿಯಿಂದ ಬರುವ ಮಕ್ಕಳಿಗೆ ಇದನ್ನು ಉಕ್ಕಿನಿಂದಲೇ ಹೇಳುತ್ತೇನೆ. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಗೇರ್‌ಗೆ ಕೇಸ್ ಹಾರ್ಡನಿಂಗ್ ಮಾಡುವಾಗ ಸುಮಾರು 925 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲ ಉಕ್ಕಿನೊಳಕ್ಕೆ ಇಳಿಯುತ್ತದೆ. 4 ಗಂಟೆಯಲ್ಲಿ ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್ ಇಳಿದರೆ, ಅದರ ಎರಡರಷ್ಟು ಆಳಕ್ಕೆ 16 ಗಂಟೆ ಕಾಯಬೇಕು. ಐನ್‌ಸ್ಟೈನ್ 1905ರಲ್ಲಿ ಬ್ರೌನಿಯನ್ ಚಲನೆಗೆ ಕೊಟ್ಟ ನಿಯಮವೂ ಇದೇ: ಸ್ಥಾನಪಲ್ಲಟದ ವರ್ಗದ ಸರಾಸರಿ ಕಾಲಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಅಂದರೆ ಕಾಲದ ಘಾತ 1. ಅದು 1ಕ್ಕಿಂತ ಕಡಿಮೆಯಾದರೂ ಹೆಚ್ಚಾದರೂ ವಿಸರಣ ಅಸಹಜ.

2. ಲ್ಯಾಪುನೋವ್ ಘಾತಾಂಕ ಸೊನ್ನೆ ಬಂದಿತೆಂದು ಕೈಬಿಡಬೇಡಿ.

ಪೊಮೊ ಮತ್ತು ಮ್ಯಾನೆವಿಲ್ 1980ರಲ್ಲಿ ಬರೆದ ನಿಯಮ ಒಂದೇ ಸಾಲಿನದು. ಕಣದ ಸ್ಥಾನವಾದ, 0 ಮತ್ತು 1ರ ನಡುವಿನ ಒಂದು ಸಂಖ್ಯೆಗೆ ಅದರದೇ ಒಂದು ಘಾತವನ್ನು ಕೂಡಿಸಿ. ಮೊತ್ತ 1 ದಾಟಿದರೆ ಪೂರ್ಣಾಂಕವನ್ನು ಕಳೆಯಿರಿ. ಇದನ್ನೇ ಮತ್ತೆ ಮತ್ತೆ ಮಾಡುತ್ತ ಹೋಗಿ. ಸೊನ್ನೆಯ ಹತ್ತಿರ ಹೆಜ್ಜೆಗಳು ತೀರ ಕಿರಿದು. ಕಣ ಅಲ್ಲಿಗೆ ಬಂದರೆ ಎಷ್ಟೋ ಹೊತ್ತು ಕದಲಿದಂತೆಯೇ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ಅಲ್ಲೋಲಕಲ್ಲೋಲ. ನಿಯಮದ ಘಾತ 3 ಇದ್ದಾಗ ಅಕ್ಕಪಕ್ಕದ ಎರಡು ಪಥಗಳ ನಡುವಿನ ಅಂತರ ಕಾಲದ ವರ್ಗಮೂಲವನ್ನು ಘಾತವಾಗಿ ಹೊತ್ತು ಬೆಳೆಯುತ್ತದೆ. ಆ ವರ್ಗಮೂಲವನ್ನು ಕಾಲದಿಂದ ಭಾಗಿಸಿದರೆ ಸಿಗುವ ಲ್ಯಾಪುನೋವ್ ಘಾತಾಂಕ ದೀರ್ಘಕಾಲದಲ್ಲಿ ಸೊನ್ನೆ ಬಂದೇ ಬರುತ್ತದೆ. ಆದರೂ ಪಥಗಳು ಬೇರೆಯಾಗುವುದು ನಿಜ, ಮುನ್ಸೂಚನೆ ಕೈತಪ್ಪುವುದೂ ನಿಜ. ದುರ್ಬಲ ಕೇಯಾಸ್ ಅನ್ನುವುದು ಇದಕ್ಕೇ.

3. ಎಷ್ಟು ದೂರ ಹೋಯಿತು ಎಂದು ಕೇಳುವ ಮುಂಚೆ ಎಷ್ಟು ಹೊತ್ತು ನಿಂತಿತು ಎಂದು ಕೇಳಿ.

ನನ್ನ ಮಟ್ಟಿಗೆ ಈ ವಿಷಯದ ಜೀವ ಇರುವುದು ಇಲ್ಲೇ. ಗೈಸೆಲ್ ಮತ್ತು ಥೋಮೆ 1984ರಲ್ಲಿ ಇದೇ ನಿಯಮವನ್ನು ಮನೆಯಿಂದ ಮನೆಗೆ ಜಿಗಿಯುವ ಕಣಕ್ಕೆ ಅಳವಡಿಸಿದರು. ನಿಯಮದ ಘಾತ 2 ದಾಟಿತೋ, ಒಂದು ಮನೆಯಲ್ಲಿ ತಂಗುವ ಸರಾಸರಿ ಕಾಲ ಅನಂತವಾಗುತ್ತದೆ. ಘಾತ 3 ಇದ್ದಾಗ ಸ್ಥಾನಪಲ್ಲಟದ ವರ್ಗದ ಸರಾಸರಿ ಕಾಲದ ವರ್ಗಮೂಲದಷ್ಟೇ ಬೆಳೆಯುತ್ತದೆ.

ಇದರಿಂದ ಎರಡು ಪರಿಣಾಮ. ಒಂದೇ ಕಣವನ್ನು ಎಷ್ಟೇ ದೀರ್ಘಕಾಲ ಹಿಂಬಾಲಿಸಿ ಸರಾಸರಿ ತೆಗೆದರೂ ಅದು ಸಾವಿರಾರು ಕಣಗಳ ಸರಾಸರಿಗೆ ಹೊಂದುವುದಿಲ್ಲ. ಪ್ರತಿ ಕಣವೂ ತನ್ನದೇ ಬೇರೆ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಇದನ್ನು ಪ್ರೋಗ್ರಾಮಿನ ದೋಷ ಎಂದುಕೊಂಡು ಹುಡುಕತೊಡಗುತ್ತಾರೆ. ದೋಷವಲ್ಲ, ವ್ಯವಸ್ಥೆಯ ಗುಣವೇ ಅದು. ಎರಡನೆಯದು, ಎಂದಿನಿಂದ ನೋಡತೊಡಗಿದಿರಿ ಎಂಬುದೂ ಮುಖ್ಯ. ತಡವಾಗಿ ನೋಡತೊಡಗಿದಷ್ಟೂ ಕಣ ಯಾವುದೋ ದೀರ್ಘ ತಂಗುವಿಕೆಯ ನಡುವೆಯೇ ಸಿಗುವ ಸಂಭವ ಹೆಚ್ಚು. ಹಾಗಾಗಿ ಗ್ರಾಫಿನ ಮೇಲೆ ಕಾಲ ಸೊನ್ನೆ ಎಂದರೆ ಯಾವಾಗ ಎಂದು ಬರೆಯದ ವರದಿಯನ್ನು ನಾನು ಒಪ್ಪುವುದಿಲ್ಲ.

4. ಮನೆಯ ನಂಬರನ್ನೂ ಭಿನ್ನಾಂಕವನ್ನೂ ಬೇರೆಬೇರೆ ಇಡಿ.

ಕಣ 1000ನೇ ಮನೆಯಲ್ಲಿದ್ದಾಗ ಅದರ ಸ್ಥಾನವನ್ನು ಒಂದೇ ದಶಮಾಂಶ ಸಂಖ್ಯೆಯಾಗಿ ಇಟ್ಟರೆ, 64 ಬಿಟ್‌ನ ಕಂಪ್ಯೂಟರ್‌ಗೆ ಸುಮಾರು ಹತ್ತು ಲಕ್ಷ ಕೋಟಿಯಲ್ಲಿ ಒಂದಂಶಕ್ಕಿಂತ ಸಣ್ಣ ಹೆಜ್ಜೆ ಕಾಣುವುದಿಲ್ಲ. ಕಿರುಹೆಜ್ಜೆಯೇ ಈ ವ್ಯವಸ್ಥೆಯ ಪ್ರಾಣವಾಗಿರುವಾಗ, ರೌಂಡಿಂಗ್‌ನಲ್ಲಿ ಹೆಜ್ಜೆ ಮಾಯವಾಗಿ ಕಣ ಎಂದೆಂದಿಗೂ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ಮಾತ್ರ ಅದು ಅಂದವಾದ ಮಂದ ವಿಸರಣದಂತೆ ತೋರುತ್ತದೆ. ಪ್ರಬಲ ಕೇಯಾಸ್‌ನಲ್ಲೂ ಕಂಪ್ಯೂಟರ್‌ನ ಮೇಲೆ ಕಣ್ಣಿಟ್ಟಿರಿ: ಎರಡರಿಂದ ಗುಣಿಸಿ ಪೂರ್ಣಾಂಕ ಕಳೆಯುವ ನಿಯಮವನ್ನು ನೇರವಾಗಿ ಓಡಿಸಿದರೆ ಐವತ್ತು ಚಿಲ್ಲರೆ ಹೆಜ್ಜೆಗೆ ಎಲ್ಲವೂ ಸೊನ್ನೆಗೆ ಬಂದು ಕೂರುತ್ತದೆ.

5. ಲಾಗ್-ಲಾಗ್ ಗ್ರಾಫಿನ ಓರೆಯನ್ನು ಕೂಡಲೇ ನಂಬಬೇಡಿ.

ಒಂಬತ್ತಡಿ ಅಂತರದಲ್ಲಿ ಚೌಕಾಕಾರವಾಗಿ ನೆಟ್ಟ ಅಡಿಕೆ ತೋಟವನ್ನು ನೆನೆಯಿರಿ. ಎರಡು ಸಾಲುಗಳ ನಡುವೆ ನಿಂತರೆ ಆಚೆಯ ಬೇಲಿಯವರೆಗೂ ಕಣ್ಣು ಹರಿಯುತ್ತದೆ. ಮರದ ಕಾಂಡಗಳಿಗೆ ತಗುಲಿ ಪುಟಿಯುತ್ತ ಹೋಗುವ ಕಣ ಒಮ್ಮೊಮ್ಮೆ ಇಂಥ ಓಣಿಗೆ ಬಿದ್ದು ಬಲುದೂರ ತಡೆಯಿಲ್ಲದೆ ಓಡುತ್ತದೆ. ಲೊರೆಂಟ್ಸ್ 1905ರಲ್ಲಿ ಲೋಹದೊಳಗಿನ ಎಲೆಕ್ಟ್ರಾನ್‌ಗೆ ಕಲ್ಪಿಸಿಕೊಂಡ ಮಾದರಿಯ ಒಂದು ರೂಪ ಇದು. ಇಲ್ಲಿ ವಿಸರಣ ಕಾಲ ಮತ್ತು ಅದರ ಲಾಗರಿದಮ್‌ಗಳ ಗುಣಲಬ್ಧದಂತೆ ಬೆಳೆಯುತ್ತದೆ ಎಂದು ಗಣಿತಜ್ಞರು ಸಾಧಿಸಿದ್ದಾರೆ. ಕಾಲ ಹತ್ತು ಸಾವಿರದ ಆಸುಪಾಸಿನಲ್ಲಿ ಓರೆ ಅಳೆದರೆ ಸುಮಾರು 1.11, ಹತ್ತು ಲಕ್ಷದಲ್ಲಿ ಸುಮಾರು 1.07. ಮೊದಲನೆಯದನ್ನು ಹಿಡಿದು ಹೊಸ ಘಾತ ಸಿಕ್ಕಿತೆಂದು ಹಿಗ್ಗುವುದು ಬಹಳ ಸುಲಭ. ಕಾಲವನ್ನು ನೂರು ಪಟ್ಟು ಹೆಚ್ಚಿಸಿ ಮತ್ತೆ ಅಳೆಯಿರಿ. ಓರೆ ಜಾರುತ್ತಿದ್ದರೆ ಅದು ಘಾತವಲ್ಲ.

6. ತಡೆಗಳ ಆಕಾರದ ಜೊತೆ ಆಟವಾಡಿ.

ದುಂಡು ಕಾಂಡಗಳ ಬದಲು ಆಯತಾಕಾರದ ಕಂಬಗಳನ್ನಿಟ್ಟರೆ ಎರೆನ್‌ಫೆಸ್ಟ್ ದಂಪತಿಯ 1912ರ ಮಾದರಿಯ ಹತ್ತಿರ ಬರುತ್ತೀರಿ. ಚಪ್ಪಟೆ ಗೋಡೆಗಳಿಗೆ ಪುಟಿದ ಪಥಗಳು ಘಾತೀಯವಾಗಿ ಬೇರೆಯಾಗುವುದಿಲ್ಲ. ಲ್ಯಾಪುನೋವ್ ಘಾತಾಂಕ ಸೊನ್ನೆ. ಆದರೂ ಬಹುಪಾಲು ಎಲ್ಲ ದಿಕ್ಕುಗಳಲ್ಲೂ ಕಣ ಮುಟ್ಟುವ ದೂರ ಕಾಲದ ಘಾತ 2/3ರಂತೆ ಬೆಳೆಯುತ್ತದೆ ಎಂದು ದೆಲಕ್ರ್ವಾ, ಯುಬೇರ್, ಲಲಿಯೆವ್ರ್ ತೋರಿಸಿಕೊಟ್ಟರು. ಸಹಜ ವಿಸರಣದಲ್ಲಿ ದೂರದ ವರ್ಗದ ಘಾತ 1 ಆದ್ದರಿಂದ, ದೂರದ ಘಾತ 1/2 ಮಾತ್ರ. ಕಂಬ ಪ್ಲಸ್ ಗುರುತಿನ ಆಕಾರದ್ದಾದರೆ ಘಾತ 8/15. ಇನ್ನೂ ಎಂಟು ಮೂಲೆ ಸೇರಿಸಿದರೆ 16/35. ಅದು ಅರ್ಧಕ್ಕಿಂತ ಕಡಿಮೆ. ವೇಗವಾಗಿ ಹರಡುತ್ತಿದ್ದದ್ದು ಬರಿಯ ಮೂಲೆಗಳ ಲೆಕ್ಕದಿಂದ ಮಂದವಾಗುತ್ತದೆ. ಕೋನಗಳನ್ನೂ ಪ್ರತಿಫಲನವನ್ನೂ ಬಲ್ಲ ಬಿ.ಎಸ್ಸಿ. ವಿದ್ಯಾರ್ಥಿ ಇದನ್ನು ಇಂದೇ ಬರೆದು ಓಡಿಸಿ ನೋಡಬಹುದು.