ಇಂಟರ್‌ವ್ಯೂಗೆ ಹೊರಟವಳಿಗೆ

ಪ್ರೀತಿಯ ಪುಟ್ಟಿ,

ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದು ಕೇಳಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಇಂಟರ್‌ವ್ಯೂಗೆಂದು ಕರಿ ಕೋಟು ಕೊಂಡಿದ್ದೀಯಂತೆ. ಯೂಟ್ಯೂಬ್ ನೋಡಿಕೊಂಡು ಇಂಗ್ಲಿಷ್ ಉತ್ತರಗಳನ್ನು ಉರು ಹೊಡೆಯುತ್ತಿದ್ದೀಯಂತೆ. ನಿನ್ನ ದೌರ್ಬಲ್ಯ ಏನು ಎಂದು ಕೇಳಿದರೆ "ನಾನು ವಿಪರೀತ ಅಚ್ಚುಕಟ್ಟು, ಅದೇ ನನ್ನ ದೌರ್ಬಲ್ಯ" ಅನ್ನಬೇಕಂತೆ. ಮೇಜಿನ ಆಚೆ ಕಡೆ ಕೂತು ಈ ಮಾತನ್ನು ನಾನು ಎಷ್ಟು ಹುಡುಗಿಯರ ಬಾಯಲ್ಲಿ ಕೇಳಿದ್ದೇನೋ! ಮೂರನೆಯವಳು ಶುರು ಮಾಡುವಷ್ಟರಲ್ಲಿ ನಮ್ಮ ಡಾಕ್ಟರು ಕಾಫಿಗೆ ಹೇಳಿಕಳಿಸುತ್ತಿದ್ದರು. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ಕೊನೆಗೆ ಇದನ್ನಾ ಕಲಿಯುವುದು?

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯೋ, ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಗುತ್ತಿಗೆ ಕೆಲಸವೋ, ತೀರ್ಮಾನ ನಿನ್ನದೇ. ನಾನು ಯಾವುದರ ಪರವೂ ಅಲ್ಲ. ಆದರೆ ಬೆಂಗಳೂರಿನವರು ಬಾಂಡ್ ಬರೆಸಿಕೊಂಡು ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳನ್ನು ಇಟ್ಟುಕೊಳ್ಳುತ್ತಾರೆ ಎಂದು ನಿಮ್ಮಮ್ಮ ಅಂದಳಲ್ಲ, ಆಗಿನಿಂದ ನನಗೆ ಹಳೆಯದೆಲ್ಲ ನೆನಪಾಗುತ್ತಿದೆ.

ನಾನು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಜನರಲ್ ನರ್ಸಿಂಗ್ ಮುಗಿಸಿದ್ದು ಗಾಜಿನ ಸಿರಿಂಜುಗಳನ್ನು ಕುದಿಸಿ ಬಳಸುತ್ತಿದ್ದ ಕಾಲದಲ್ಲಿ. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಳ್ಳುತ್ತಿದ್ದೆವು. ಡ್ರಿಪ್ ಹಾಕಿ, ಕೈಗಡಿಯಾರ ಕಣ್ಣೆದುರು ಹಿಡಿದು ಹನಿ ಎಣಿಸುತ್ತಿದ್ದೆವು. ಸರ್ಕಾರಿ ಕೆಲಸಕ್ಕೆ ಕರೆ ಬರುವುದು ತಡವಾಗುತ್ತಿತ್ತು, ಮನೆಯಲ್ಲಿ ಕೈ ಖಾಲಿ. ಪಕ್ಕದ ಜಿಲ್ಲೆಯ ಒಂದು ನರ್ಸಿಂಗ್ ಹೋಮಿಗೆ ಹೋದೆ. ಯಜಮಾನ ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ: ಯಾವ ಊರು, ಯಾವ ಜನ, ಮದುವೆ ಯಾವಾಗ. ಬಿ.ಪಿ. ನೋಡಲು ಬರುತ್ತದೆಯೇ ಎಂದು ಕೂಡ ಕೇಳಲಿಲ್ಲ. "ಒರಿಜಿನಲ್ ಕೊಟ್ಟಿರಮ್ಮ, ಇಲ್ಲಿ ಭದ್ರವಾಗಿರುತ್ತೆ" ಅಂದರು. ಅವರ ಹೆಂಡತಿ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಇಂಜೆಕ್ಷನ್ನೂ ನಾನೇ, ಹೆರಿಗೆ ರೂಮೂ ನಾನೇ, ಬಿಲ್ಲು ಬರೆಯುವವಳೂ ನಾನೇ. ಸಂಜೆ ಅವರ ಮಗನಿಗೆ ಮಗ್ಗಿ ಹೇಳಿಕೊಡುವವಳೂ ನಾನೇ.

ಕೊನೆಗೆ ಸರ್ಕಾರದಿಂದ ಕರೆ ಬಂತು, ದಾಖಲೆ ಪರಿಶೀಲನೆಗೆ ಒರಿಜಿನಲ್ ತರಬೇಕು. ಕೇಳಿದರೆ ಡಾಕ್ಟರು, "ನಿನ್ನ ಬದಲಿಗೆ ಒಬ್ಬಳನ್ನು ತಂದು ನಿಲ್ಲಿಸು, ಆಮೇಲೆ ನೋಡೋಣ" ಅಂದರು. ನಿನ್ನ ತಾತ ಊರಿನಿಂದ ಮೊದಲ ಬಸ್ಸಿಗೆ ಬಂದರು. ಜಗಳ ಆಡಲಿಲ್ಲ. ಕೊಡೆಯನ್ನು ಕಾಲ ನಡುವೆ ಊರಿಕೊಂಡು ಜಗಲಿಯ ಬೆಂಚಿನ ಮೇಲೆ ಕೂತುಬಿಟ್ಟರು. ಹೋಗಿ ಬರುವ ರೋಗಿಗಳು, "ಏನು ಯಜಮಾನ್ರೇ, ಯಾರಿಗೆ ಹುಷಾರಿಲ್ಲ?" ಅಂತ ಕೇಳುವರು. "ಎಲ್ಲರೂ ಚೆನ್ನಾಗವ್ರೆ. ಮಗಳ ಮಾರ್ಕ್ಸ್‌ಕಾರ್ಡು ಒಳಗಿದೆ, ಈಸ್ಕೊಂಡು ಹೋಗೋಣ ಅಂತ ಬಂದೆ" ಅಂತ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರ ಹೆಂಡತಿಯೇ ಬೀರು ತೆಗೆದರು. ನಿನ್ನ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ನಿನಗೆ ಬರುತ್ತದೆ. ಬಾಂಡ್ ಪೇಪರನ್ನು ಕೊನೇ ಪುಟದವರೆಗೂ ಓದು. ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ದುಡ್ಡು ಕಟ್ಟಬೇಕು, ಟ್ರೈನಿ ಅಂತ ಎಷ್ಟು ದಿನ ಇಟ್ಟಿರುತ್ತಾರೆ, ಎಲ್ಲ ಅದರಲ್ಲೇ ಇರುತ್ತದೆ. ಒರಿಜಿನಲ್ ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೋ. ಅವರಿಗೆ ನೀನೇ ಸಹಿ ಮಾಡಿದ ಜೆರಾಕ್ಸ್ ಸಾಕು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರಕ್ಕೂ ಇದೇ ಮಾತು.

ಇನ್ನು ಕೇಳುವ ಪ್ರಶ್ನೆಗಳ ವಿಷಯ. ಇಂಟರ್‌ವ್ಯೂ ತೆಗೆದುಕೊಳ್ಳುವ ಸರದಿ ನನ್ನದಾದಾಗ ಮೇಜಿನ ಮೇಲೆ ಒಂದು ಇನ್ಸುಲಿನ್ ಬಾಟಲಿ, ಎರಡು ಸಿರಿಂಜು ಇಡುತ್ತಿದ್ದೆ. ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ಕಿತ್ತಳೆ. "ಹನ್ನೆರಡು ಯೂನಿಟ್ ತೆಗಿ" ಅಂತಷ್ಟೇ ಹೇಳುತ್ತಿದ್ದೆ. ಪಟಪಟ ಇಂಗ್ಲಿಷ್ ಮಾತಾಡಿದವರಲ್ಲಿ ಎಷ್ಟೋ ಜನ ಕೈಗೆ ಸಿಕ್ಕಿದ ಸಿರಿಂಜು ಎತ್ತಿಕೊಂಡುಬಿಡುವರು. ಬಾಟಲಿ ನಲವತ್ತು ಯೂನಿಟ್ಟಿನದು, ಅದಕ್ಕೆ ಬೇಕಾದ್ದು ಕೆಂಪು ಮುಚ್ಚಳದ್ದು. ಕಿತ್ತಳೆಯದು ನೂರು ಯೂನಿಟ್ಟಿನದಕ್ಕೆ. ಅದರಲ್ಲಿ ಹನ್ನೆರಡರ ಗೆರೆಗೆ ಎಳೆದರೆ ರೋಗಿಯ ಮೈಗೆ ಐದು ಯೂನಿಟ್ಟೂ ಹೋಗುವುದಿಲ್ಲ. ಇದೇ ತಿರುವುಮುರುವಾದರೆ ಎರಡೂವರೆ ಪಟ್ಟು ಹೋಗಿ, ಬೆಳಗಾಗುವಷ್ಟರಲ್ಲಿ ಸಕ್ಕರೆ ಇಳಿದು ರೋಗಿ ಎಚ್ಚರ ತಪ್ಪಿರುತ್ತಾನೆ. ಒಮ್ಮೆ ಎಚ್.ಡಿ. ಕೋಟೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಇಂಗ್ಲಿಷಿನಲ್ಲಿ ಹೆಸರು ಹೇಳಲೂ ತಡವರಿಸಿದಳು. ಬಾಟಲಿಯನ್ನು ಬೆಳಕಿಗೆ ತಿರುಗಿಸಿ, ಲೇಬಲ್ ಓದಿ, ಎರಡೂ ಸಿರಿಂಜುಗಳ ಗೆರೆ ನೋಡಿ, "ಮೇಡಂ, ಆರ್ಡರ್ ಶೀಟ್ ತೋರಿಸ್ತೀರಾ?" ಅಂದಳು. ಅವಳನ್ನೇ ತೆಗೆದುಕೊಂಡೆವು. ವರ್ಷ ತುಂಬುವುದರೊಳಗೆ ಸೌದಿಗೆ ಹಾರಿದಳು, ಅದು ಬೇರೆ ಮಾತು.

ನೀನು ತಯಾರಾಗಬೇಕಾದ್ದು ಇಂಥದ್ದಕ್ಕೆ. 500 ಎಂ.ಎಲ್. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ 20 ಹನಿಯದ್ದು, ನಿಮಿಷಕ್ಕೆ ಎಷ್ಟು? ಇಪ್ಪತ್ತೊಂದು ಎಂದು ಪೆನ್ನು ಹಿಡಿದು ಲೆಕ್ಕ ಮಾಡಿಯೇ ಹೇಳು, ಪರವಾಗಿಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ಏಕೆ ಚುಚ್ಚಬಾರದು, ಬಳಸಿದ ಸೂಜಿ ಯಾವ ಡಬ್ಬಿಗೆ, ಡ್ರಿಪ್ ಸೆಟ್ ಯಾವ ಬಣ್ಣದ ಚೀಲಕ್ಕೆ, ಇವು ಕೇಳಿಯೇ ಕೇಳುತ್ತಾರೆ. ಬಳಸಿದ ಸೂಜಿ ನಿನಗೇ ಚುಚ್ಚಿದರೆ ಏನು ಮಾಡುತ್ತೀ? ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಆ ಗಳಿಗೆಯಲ್ಲೇ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಬೇಕು, ಎಚ್‌ಐವಿ ತಡೆ ಮಾತ್ರೆ ಬೇಕು ಎಂದರೆ 72 ಗಂಟೆಯೊಳಗೆ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ನಮ್ಮ ಕಾಲದಲ್ಲಿ ಎರಡೂ ಕೈಯಲ್ಲಿ ಮುಚ್ಚಳ ಹಾಕುತ್ತಿದ್ದೆವು, ಬೇಡ ಅನ್ನುವವರೇ ಇರಲಿಲ್ಲ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ, ಸೀನಿಯರ್ ಸಿಸ್ಟರನ್ನು ಕೇಳಿ ಮಾಡುತ್ತೇನೆ ಅನ್ನು. ಮುಖ ಸಣ್ಣ ಮಾಡಿಕೊಂಡು ಹೇಳಬೇಡ. ಔಷಧಿ ಗೊತ್ತಿಲ್ಲದೆ ಕೊಡುವವಳಿಗಿಂತ ಕೇಳಿ ಕೊಡುವವಳು ಯಾವ ಸೂಪರಿಂಟೆಂಡೆಂಟಿಗೂ ಇಷ್ಟ.

ಮತ್ತೆ ನೀನೂ ಕೇಳು. ಮೊದಲ ಮೂರು ತಿಂಗಳು ನನ್ನ ಜೊತೆ ನಿಲ್ಲುವವರು ಯಾರು? ರಾತ್ರಿ ವಾರ್ಡಿನಲ್ಲಿ ಒಬ್ಬ ಸಿಸ್ಟರಿಗೆ ಎಷ್ಟು ರೋಗಿಗಳು? ಸಂಬಳ ಕೇಳಲು ನಾಚಿಕೆ ಯಾಕೆ? ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಕೊಡುವವರು ಎಷ್ಟು ಜನ ಎಂಬುದನ್ನು ನಿನ್ನ ಸೀನಿಯರ್‌ಗಳೇ ಹೇಳುತ್ತಾರೆ.

ಬೆಂಗಳೂರಿನಲ್ಲಿ ಕಲಿಯುವುದಿಲ್ಲ ಅನ್ನುತ್ತಿಲ್ಲ. ವೆಂಟಿಲೇಟರ್, ಇನ್ಫ್ಯೂಷನ್ ಪಂಪು, ಒಂದೊಂದು ಕೆಲಸವನ್ನೂ ಬರೆದಿಡುವ ಶಿಸ್ತು, ಅಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ. ಜಿಲ್ಲೆಯ ಆಸ್ಪತ್ರೆಯಲ್ಲಿ ಜನ ಜಾಸ್ತಿ, ಕೈ ಕಡಿಮೆ, ಗುತ್ತಿಗೆ ಅಂದಮೇಲೆ ಭದ್ರತೆಯೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವನ ರಕ್ತವನ್ನು ಗಾಜಿನ ಟ್ಯೂಬಿನಲ್ಲಿಟ್ಟು, ಇಪ್ಪತ್ತು ನಿಮಿಷ ಅಲುಗಾಡಿಸದೆ ಕಾದು, ಹೆಪ್ಪುಗಟ್ಟಿತೋ ಇಲ್ಲವೋ ಎಂದು ಓರೆ ಮಾಡಿ ನೋಡುವುದು ನಿನಗೆ ಬೆಂಗಳೂರಿನ ಆ ಗಾಜಿನ ಕಟ್ಟಡದಲ್ಲಿ ಎಷ್ಟು ಸಲ ಸಿಗುತ್ತದೆ? ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದವರಿಗೆ ಅಟ್ರೋಪಿನ್ ಕೊಡುತ್ತಾ ರಾತ್ರಿಯಿಡೀ ಪಕ್ಕದಲ್ಲಿ ನಿಲ್ಲುವುದು? ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಬಾಣಂತಿ? ಮೊದಲ ಎರಡು ವರ್ಷ ಇಂಥಲ್ಲಿ ಕಳೆದರೆ ಆಮೇಲೆ ಬೆಂಗಳೂರೇನು, ಜರ್ಮನಿಯೇ ಕರೆದರೂ ಹೋಗು. ಫೋಟೋದಲ್ಲಿ ಚೆನ್ನಾಗಿ ಕಾಣುವ ಲಾಬಿ ನೋಡಿ ಮರುಳಾಗುವ ವಯಸ್ಸು ನಿನಗೆ ದಾಟಿಲ್ಲವೇ ಎಂದು ಬೈಯಬೇಕೆನಿಸುತ್ತದೆ.

ಬೈದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಮನೆ ಸಾಲ, ತಮ್ಮನ ಫೀಸು, ಎಲ್ಲ ನಿನ್ನ ತಲೆ ಮೇಲಿದೆ ಎಂದು ನನಗೆ ಗೊತ್ತಿಲ್ಲವೇ? ಬೆಂಗಳೂರಿನ ಸಂಬಳವೇ ಮನೆಗೆ ಆಧಾರ ಅನ್ನಿಸಿದರೆ ಅಲ್ಲಿಗೇ ಹೋಗು, ನಾನು ಮುನಿಸಿಕೊಳ್ಳುವುದಿಲ್ಲ. ಆದರೆ ಮೊದಲು ಹಾಸನದ ಇಂಟರ್‌ವ್ಯೂ ಮುಗಿಸಿಬಿಡು. ಬೆಂಗಳೂರಿನವರು ಕೊಟ್ಟ ಪೇಪರಿನ ಫೋಟೋ ತೆಗೆದು ನನಗೆ ಕಳಿಸು, ಅದನ್ನು ನಾನು ಓದುವವರೆಗೂ ಸಹಿ ಹಾಕಬೇಡ. ಬಸ್ಸಿಗೆ, ಪಿ.ಜಿ. ಅಡ್ವಾನ್ಸಿಗೆ ದುಡ್ಡು ಬೇಕಾದರೆ ನಿಮ್ಮಮ್ಮನನ್ನು ಕೇಳಬೇಡ, ಅವಳ ಹತ್ತಿರ ಇರುವುದಿಲ್ಲ. ನನ್ನನ್ನು ಕೇಳು.

ನಿನ್ನ
ದೊಡ್ಡಮ್ಮ