ಸ್ಟೆಪ್ನಿ ಹೊರುವ ಕಬ್ಬಿಣದ ತೋಳು: ಕೈಕೊಡದ ಕ್ಯಾರಿಯರ್‌ಗೆ ಹನ್ನೆರಡು ಸೂತ್ರಗಳು

ಗುಬ್ಬಿ ಕಡೆಯ ತೆಂಗಿನ ತೋಟಗಳಿಗೆ ಹೋದವರಿಗೆ ಜೋತುಬಿದ್ದ ಕಬ್ಬಿಣದ ಗೇಟು ಹೊಸದಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಿದು, ಮೊಣಕಾಲಲ್ಲಿ ನೂಕಿ, ಆಮೇಲೆ ಚಿಲಕ ಹಾಕಬೇಕು. ಜೀಪಿನ ಹಿಂದೆ ಸ್ಟೆಪ್ನಿ ಹೊತ್ತುಕೊಂಡು ಬಾಗಿಲಿನಂತೆ ಪಕ್ಕಕ್ಕೆ ತೆರೆಯುವ ಕ್ಯಾರಿಯರ್ ಕೂಡ ಒಂದು ಗೇಟೇ. ತೋಟದ ಗೇಟು ನಿಂತಲ್ಲೇ ನಿಂತಿರುತ್ತದೆ. ಇದು ದಿನವಿಡೀ ಗುಂಡಿ, ಹಂಪು, ಹಳ್ಳಗಳಲ್ಲಿ ಕುಣಿಯುತ್ತದೆ.

ಸ್ಟೆಪ್ನಿ ಎಂಬ ಮಾತು ಹುಟ್ಟಿದ್ದು ವೇಲ್ಸ್ ದೇಶದಲ್ಲಿ. ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಬಿಡಿ ಚಕ್ರ ಮಾರಲು ಶುರುಮಾಡಿದರು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಹುಟ್ಟಿದ ನಾಡಿನಲ್ಲೇ ಬಹುಪಾಲು ಮರೆತುಹೋದ ಆ ಮಾತು ತುಮಕೂರಿನ ಬಟವಾಡಿಯ ಪಂಕ್ಚರ್ ಅಂಗಡಿಯಲ್ಲಿ ಇಂದಿಗೂ ದಿನಕ್ಕೆ ನೂರು ಸಲ ಕೇಳುತ್ತದೆ.

ನಾನು ಮಾಡಿಸಿದ ಮೊದಲ ಕ್ಯಾರಿಯರ್ ಒಂದೇ ಮಳೆಗಾಲಕ್ಕೆ ಬೆರಳಗಲ ಜೋತುಬಿತ್ತು. ಹುಲಿಯೂರುದುರ್ಗದಿಂದ ಕುಣಿಗಲ್‌ಗೆ ಬರುವಷ್ಟರಲ್ಲಿ ಅದರ ಕಿರುಗುಟ್ಟುವ ಸದ್ದಿಗೆ ಗಾಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು. ಎರಡನೆಯದು ಇವತ್ತಿಗೂ ಒಂದು ಬೆರಳಿಗೆ ತೆರೆಯುತ್ತದೆ. ಆ ಎರಡರ ನಡುವೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಿಮಗೆ ಇದು ಬೇಕೇ, ನೋಡಿ.
ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ ಎಲ್ಲಕ್ಕೂ ಸ್ಟೆಪ್ನಿ ಇರುವುದು ಹಿಂಬಾಗಿಲ ಮೇಲೆ. ಕಂಪನಿ ಕೊಟ್ಟ ಅಳತೆಯ ಟೈರು, ಡಾಂಬರು ರಸ್ತೆ, ಆಗೊಮ್ಮೆ ಈಗೊಮ್ಮೆ ತೋಟದ ದಾರಿ ಎಂದಾದರೆ ಬಾಗಿಲ ಕೀಲು ಸಾಕು. ದೊಡ್ಡ ಟೈರು ಹಾಕಿಸಿದವರು, ಕಲ್ಲುದಾರಿಯಲ್ಲೇ ಓಡಾಡುವವರು, ಕೀಲಿನ ಸುತ್ತ ತಗಡು ಸೀಳಿರುವುದನ್ನು ಕಂಡವರು ಮಾತ್ರ ಮುಂದೆ ಓದಿ. ಕೀಲಿನ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೆ ಅದೇ ಮೊದಲ ಸೂಚನೆ.

2. ಚಕ್ರವನ್ನು ತೂಗಿ. ಅಂದಾಜು ಬೇಡ.
ರಿಮ್ಮು ಸಮೇತ ಚಕ್ರವನ್ನು ಹತ್ತಿರದ ಕೊಬ್ಬರಿ ಅಂಗಡಿಯ ತೂಕದ ಯಂತ್ರದ ಮೇಲಿಡಿ. ಅಳತೆಯನ್ನು ಟೈರಿನ ಮೇಲೇ ಓದಬಹುದು. ಥಾರ್‌ನ 255/65 ಆರ್ 18 ಎಂದರೆ 789 ಮಿಲಿಮೀಟರ್ ಎತ್ತರ. ಜಿಮ್ನಿಯ 195/80 ಆರ್ 15 ಎಂದರೆ 693. ಅದೇ 285/70 ಆರ್ 17 ಹಾಕಿಸಿದರೆ 831 ಮಿಲಿಮೀಟರ್. ಎತ್ತರ, ಅಗಲ ಎರಡೂ ಹೆಚ್ಚಿದಂತೆ ತೂಕವೂ ಏರುತ್ತದೆ. ಮುಂದೆ ದೊಡ್ಡ ಟೈರಿನ ಆಸೆ ಇದ್ದರೆ ಆ ಟೈರಿನ ತೂಕಕ್ಕೇ ಈಗಲೇ ಕಟ್ಟಿಸಿ.

3. ಮೊದಲು ಆರ್‌ಟಿಒ, ಆಮೇಲೆ ವೆಲ್ಡಿಂಗ್ ಶಾಪು.
ತಯಾರಕರು ನಮೂದಿಸಿದ್ದಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆ 1988ರ ಕಲಂ 52 ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಪ್ರಕಾರ ಇಂತಹ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಹಾಗಾಗಿ ಚಿತ್ರ ಬರೆದುಕೊಂಡು ತುಮಕೂರಿನ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ. ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ತಯಾರಕರದೇ ಅಧಿಕೃತ ಬಿಡಿಭಾಗವಾಗಿ ಕ್ಯಾರಿಯರ್ ಸಿಕ್ಕರೆ ಅದೇ ಸುಲಭದ ದಾರಿ. ಇದನ್ನು ಮೂರನೆಯ ಸೂತ್ರದಲ್ಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಕಬ್ಬಿಣ ಕತ್ತರಿಸಿದ ಮೇಲೆ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ.

4. ಭಾರ ಚಾಸಿಗೆ ಇಳಿಯಲಿ.
ಬಂಪರ್ ಎಂದು ಹೊರಗೆ ಕಾಣುವುದು ಪ್ಲಾಸ್ಟಿಕ್ಕು ಅಥವಾ ತೆಳು ತಗಡು. ತೋಳಿನ ಬುಡ ಚಾಸಿಯ ಎರಡೂ ಉದ್ದ ತೊಲೆಗಳಿಗೆ ಹಿಡಿದ ಗಟ್ಟಿ ಅಡ್ಡ ಪೈಪಿನ ಮೇಲೆ ನಿಲ್ಲಬೇಕು. ಚಾಸಿಗೆ ವೆಲ್ಡಿಂಗ್ ಹಾಕಿಸಲೇಬೇಡಿ. ಕಂಪನಿಯವರೇ ಕೊಟ್ಟಿರುವ ತೂತುಗಳಿಗೆ ಬೋಲ್ಟು ಹಾಕಿಸಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರಬೇಕು. ಅಂಕಿ ಇಲ್ಲದ ಬೋಲ್ಟು ತೋಟದ ಬೇಲಿಗೆ ಸಾಕು, ಇಲ್ಲಿಗೆ ಬೇಡ.

5. ಜೀವ ಇರುವುದು ಪಿನ್ನು-ಬುಷ್ಷಿನಲ್ಲಿ.
ಮಿಕ್ಕ ಸೂತ್ರಗಳನ್ನು ಮರೆತರೂ ಇದೊಂದನ್ನು ಮರೆಯಬೇಡಿ. ತೋಳು ತಿರುಗುವ ಪಿನ್ನಿನ ಮೇಲೆ ಬೀಳುವ ಭಾರದ ಲೆಕ್ಕ ಹೀಗಿದೆ. ಚಕ್ರ 35 ಕೆಜಿ, ಪಿನ್ನಿನಿಂದ ಅದರ ನಡುಬಿಂದುವಿಗೆ 60 ಸೆಂಟಿಮೀಟರ್ ಎನ್ನಿ. ತೋಳು 12 ಕೆಜಿ, ಅದರ ಭಾರ 40 ಸೆಂಟಿಮೀಟರ್ ದೂರದಲ್ಲಿ. ಎರಡೂ ಸೇರಿ ಪಿನ್ನನ್ನು ಬಾಗಿಸುವ ಬಲ ಸುಮಾರು 26 ಕೆಜಿ-ಮೀಟರ್. ಮೇಲಿನ ಬುಷ್ಷಿಗೂ ಕೆಳಗಿನ ಬುಷ್ಷಿಗೂ 10 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ 260 ಕೆಜಿ ಒತ್ತಡ ಬೀಳುತ್ತದೆ. ಅಂತರ 5 ಸೆಂಟಿಮೀಟರ್ ಆದರೆ 520 ಕೆಜಿ. ಗುಂಡಿಗೆ ಬಿದ್ದಾಗ ಮೂರು ಪಟ್ಟು ಎಂದು ಹಿಡಿಯುವುದು ಕ್ಷೇಮ. ಆಗ ಅದು ಒಂದೂವರೆ ಟನ್ನು ದಾಟುತ್ತದೆ. ನನ್ನ ಮೊದಲ ಕ್ಯಾರಿಯರ್‌ನ ಬುಷ್ಷು ಎರಡೇ ಇಂಚು ಎತ್ತರವಿತ್ತು. ಜೋತುಬೀಳದೆ ಇನ್ನೇನಾದೀತು?

ಎರಡನೆಯದನ್ನು ಮಾಡುವ ಮುಂಚೆ ವಯಸ್ಸಾದ ಲೇತ್ ಮೇಸ್ತ್ರಿಯೊಬ್ಬರು ಹಳೆಯ ಪಿನ್ನನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಗೇಟಿಗೆ ಮೇಲೊಂದು ಕೆಳಗೊಂದು ಕೀಲು ದೂರದೂರ ಯಾಕಿಕ್ತಾರೆ ಹೇಳಿ ಸಾರ್? ಇದೂ ಅಂಗೇಯ," ಎಂದರು. ಅವರ ಮಾತಿನಂತೆ ಬುಷ್ಷಿನ ಕೊಳವೆಯನ್ನು ಐದು ಇಂಚಿಗೆ ಎತ್ತರಿಸಿದೆ. ಪಿನ್ನನ್ನು ಅಡ್ಡ ಪೈಪಿನ ಮೇಲ್ಮೈಗೆ ಸುಮ್ಮನೆ ಅಂಟಿಸಲಿಲ್ಲ. ಪೈಪನ್ನು ಮೇಲಿನಿಂದ ಕೆಳಗಿನವರೆಗೆ ಕೊರೆದು, ಪಿನ್ನು ಆರುಪಾರು ಹೋಗುವಂತೆ ಕೂರಿಸಿ, ಎರಡೂ ಕಡೆ ಸುತ್ತ ವೆಲ್ಡಿಂಗ್ ಹಾಕಿಸಿದೆ.

ಬುಷ್ಷೋ ಬೇರಿಂಗೋ? ಎರಡೂ ಆದೀತು. ಗನ್‌ಮೆಟಲ್ ಬುಷ್ಷು ಅಗ್ಗ. ಸವೆದರೆ ಯಾವ ಲೇತ್ ಅಂಗಡಿಯಲ್ಲಾದರೂ ಹೊಸದು ಕಡೆಸಬಹುದು. ಭಾರಿ ಚಕ್ರಕ್ಕೆ ಟೇಪರ್ ರೋಲರ್ ಬೇರಿಂಗ್ ಜೋಡಿ ಮೇಲು. ಟ್ರ್ಯಾಕ್ಟರ್ ಟ್ರೇಲರ್‌ನ ಹಬ್ಬಿನಲ್ಲಿರುವ ಅದೇ ಜಾತಿಯದು. ಆಟ ಬಂದರೆ ನಟ್ಟು ಬಿಗಿದು ಸರಿಮಾಡಬಹುದು. ನಟ್ಟಿಗೆ ಸ್ಪ್ಲಿಟ್ ಪಿನ್ನು, ಕೊಳವೆಗೆ ಗ್ರೀಸ್ ನಿಪ್ಪಲ್ಲು, ಮೇಲೆ ಮಳೆನೀರು ಇಳಿಯದ ಮುಚ್ಚಳ ಇರಲೇಬೇಕು. ಪಿನ್ನಿಗೆ ಇಎನ್8 ಉಕ್ಕು ಗಟ್ಟಿ ನಿಜ, ಆದರೆ ಅದರಲ್ಲಿ ಇಂಗಾಲ ಹೆಚ್ಚು. ಮೊದಲೇ ಬಿಸಿಮಾಡದೆ ವೆಲ್ಡಿಂಗ್ ಹಾಕಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅಷ್ಟು ತಾಳ್ಮೆಯ ವೆಲ್ಡರ್ ಸಿಗದಿದ್ದರೆ ದಪ್ಪನೆಯ ಎಂಎಸ್ (ಮೃದು ಉಕ್ಕು) ಶಾಫ್ಟೇ ವಾಸಿ. ಎಚ್‌ಎಂಟಿ ಗಡಿಯಾರ ತಯಾರಾಗುತ್ತಿದ್ದ ಊರು ತುಮಕೂರು. ಕೂದಲೆಳೆ ವ್ಯತ್ಯಾಸಕ್ಕೆ ಬೆಲೆ ಕೊಡುವ ಕೈಗಳು ಇಲ್ಲಿ ಇನ್ನೂ ಇವೆ. ಅಂಥವರನ್ನು ಹುಡುಕಿ, ಕೇಳಿದಷ್ಟು ಕೂಲಿ ಕೊಡಿ.

6. ಮುಚ್ಚಿದಾಗ ತೋಳು ಕೂರಬೇಕು.
ಓಡುವ ಗಾಡಿಯಲ್ಲಿ ತೋಳಿನ ಭಾರವೆಲ್ಲ ಪಿನ್ನಿಗೇ ನೇತುಬಿದ್ದಿದ್ದರೆ ಯಾವ ಬೇರಿಂಗೂ ಬಾಳದು. ಚಿಲಕದ ಕಡೆ ಅಡ್ಡ ಪೈಪಿನ ಮೇಲೆ ಒಂದು ಇಳಿಜಾರು ಪೀಠ ಮಾಡಿಸಿ. ತೋಳು ಮುಚ್ಚುವಾಗ ಅದರ ಮೇಲೆ ಹತ್ತಿ, ಎರಡು ಮೂರು ಮಿಲಿಮೀಟರ್ ಎತ್ತಿಕೊಂಡು ಕೂರಬೇಕು. ಆಗ ಭಾರ ಎರಡು ತುದಿಗೂ ಹಂಚಿಹೋಗುತ್ತದೆ. ಪೀಠದ ಮೇಲೆ ಗಟ್ಟಿ ನೈಲಾನ್ ತುಂಡು ಹಾಕಿಸಿ. ಸವೆದರೆ ಬದಲಿಸಲು ಬರುವಂತೆ ಬೋಲ್ಟಿನಲ್ಲಿ ಹಿಡಿಸಿ. ಜಾಣ ರೈತರು ಗೇಟಿನ ತುದಿ ಕೂರಲು ನೆಲದಲ್ಲಿ ಒಂದು ಕಲ್ಲು ಹೂತಿರುತ್ತಾರಲ್ಲ, ಅದೇ ಉಪಾಯ.

ತೋಳು ಹಿಂದೆ-ಮುಂದೆ ಆಡದಂತೆ ರಬ್ಬರ್ ತಡೆಯೂ ಬೇಕು. ಚಿಲಕ ಹಾಕಿದಾಗ ರಬ್ಬರ್ ತುಸು ಅದುಮಿರಬೇಕು. ಅದುಮದಿದ್ದರೆ ಸದ್ದು ಬರುತ್ತದೆ. ಸದ್ದು ಬಂದ ಕಡೆ ಕಬ್ಬಿಣ ಸವೆಯುತ್ತಿದೆ ಎಂದೇ ಅರ್ಥ.

7. ಚಿಲಕ ಎರಡು, ತಡೆ ಒಂದು.
ಮುಖ್ಯ ಚಿಲಕಕ್ಕೆ ಎಳೆದು ಅದುಮುವ ಟಾಗಲ್ ಕ್ಲಾಂಪ್ ಒಳ್ಳೆಯದು. ಅದು ಬಿಟ್ಟುಕೊಂಡರೂ ತೋಳು ತೆರೆಯದಂತೆ ಬೇರೊಂದು ಪಿನ್ನು ಇರಲಿ. ಹಿಂದೆ ಬೈಕಿನವರು ಬರುತ್ತಿರುತ್ತಾರೆ ಎಂಬುದನ್ನು ನೆನೆದರೆ ಈ ಪಿನ್ನಿನ ಬೆಲೆ ಗೊತ್ತಾಗುತ್ತದೆ. ತೆರೆದಾಗ ನಿಲ್ಲಿಸುವ ತಡೆಯೂ ಅಷ್ಟೇ ಮುಖ್ಯ. ದೇವರಾಯನದುರ್ಗದ ಏರಿನಲ್ಲಿ ಗಾಡಿ ನಿಲ್ಲಿಸಿ ತೋಳು ತೆರೆದರೆ ಐವತ್ತು ಕೆಜಿ ಕಬ್ಬಿಣ ತಾನಾಗಿ ತಿರುಗಿ ಬರುತ್ತದೆ. ಮಗುವಿನ ತಲೆಯ ಎತ್ತರಕ್ಕೇ ಇರುತ್ತದೆ ಅದು. 90 ಡಿಗ್ರಿಯಲ್ಲಿ ತಾನಾಗಿ ಬೀಳುವ ಸ್ಪ್ರಿಂಗ್ ಪಿನ್ನು ಹಾಕಿಸಿ.

8. ಬಾಗಿಲು ಯಾವ ಕಡೆಗೆ ತೆರೆಯುತ್ತದೋ ತೋಳೂ ಆ ಕಡೆಗೇ.
ಎದುರುಬದುರು ತೆರೆದರೆ ಇಕ್ಕಟ್ಟಿನಲ್ಲಿ ಸಾಮಾನು ಇಳಿಸಲು ಆಗುವುದೇ ಇಲ್ಲ.

9. ಪೈಪು ತೀರಾ ದಪ್ಪ ಬೇಡ, ವೆಲ್ಡಿಂಗ್ ತೀರಾ ಅವಸರ ಬೇಡ.
ಸಾಮಾನ್ಯ ಚಕ್ರಕ್ಕೆ 50×50 ಮಿಲಿಮೀಟರ್ ಚೌಕ ಪೈಪು, 3 ಮಿಲಿಮೀಟರ್ ಗೋಡೆ ಸಾಕು. ಮೀಟರಿಗೆ ನಾಲ್ಕು ಕೆಜಿಗೂ ತುಸು ಹೆಚ್ಚು ತೂಗುತ್ತದೆ. 6 ಮಿಲಿಮೀಟರ್ ಪೈಪು ಹಾಕಿದರೆ ಗಟ್ಟಿ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಗಟ್ಟಿಯ ಜೊತೆ ತೂಕವೂ ಬರುತ್ತದೆ, ಆ ತೂಕ ಮತ್ತೆ ಪಿನ್ನಿನ ಮೇಲೇ ಬೀಳುತ್ತದೆ. ದಪ್ಪದ ಬದಲು ಮೂಲೆಗಳಿಗೆ ತ್ರಿಕೋನದ ಪಟ್ಟಿ ಕೊಡಿಸಿ. ಗಾಡಿಯ ಮೇಲೆ ಚುಕ್ಕಿ ವೆಲ್ಡಿಂಗ್ ಮಾತ್ರ ಹಾಕಿ, ಪೂರ್ತಿ ವೆಲ್ಡಿಂಗನ್ನು ಬಿಚ್ಚಿ ಕೆಳಗಿಟ್ಟೇ ಮಾಡಿಸಿ. ಚುಕ್ಕಿ ಹಾಕುವಾಗಲೂ ಬ್ಯಾಟರಿಯ ತಂತಿ ಬಿಚ್ಚಿರಲಿ. ಬಿಸಿಗೆ ಪೈಪು ಬಾಗುತ್ತದೆ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗುವ ಬದಲು ಸ್ವಲ್ಪ ಸ್ವಲ್ಪವೇ ಎದುರುಬದುರು ಹಾಕಿಸಿ.

ಚಕ್ರ ಕೂರುವ ತಟ್ಟೆಯ ತೂತುಗಳು ನಿಮ್ಮ ರಿಮ್ಮಿಗೇ ಹೊಂದಬೇಕು. ಜಿಮ್ನಿಗೆ 139.7 ಮಿಲಿಮೀಟರ್ ವೃತ್ತದಲ್ಲಿ ಐದು ತೂತು. ಗುಜರಿಯಲ್ಲಿ ಅದೇ ಅಳತೆಯ ಹಳೆಯ ಹಬ್ಬು ಸಿಕ್ಕರೆ ಅದನ್ನೇ ಬಳಸಿ, ಸ್ಟಡ್ಡು ಸಮೇತ ತಯಾರಾಗಿರುತ್ತದೆ.

10. ಚಕ್ರ ಗಾಡಿಗೆ ಒತ್ತಿಕೊಂಡಿರಲಿ. ದೀಪ, ನಂಬರ್ ಪ್ಲೇಟ್ ಕಾಣುತ್ತಿರಲಿ.
ಹಿಂದಿನ ಆಕ್ಸಲ್‌ನಿಂದ 90 ಸೆಂಟಿಮೀಟರ್ ಹಿಂದಕ್ಕೆ 40 ಕೆಜಿ ಹೆಚ್ಚುವರಿ ಕಬ್ಬಿಣ ಸೇರಿಸಿದಿರಿ ಎನ್ನಿ. ಥಾರ್‌ನ ವೀಲ್‌ಬೇಸ್ 2,450 ಮಿಲಿಮೀಟರ್. ತಕ್ಕಡಿಯ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ ಸುಮಾರು 55 ಕೆಜಿ ಏರುತ್ತದೆ, ಮುಂದಿನದು 15 ಕೆಜಿ ಹಗುರಾಗುತ್ತದೆ. ಸ್ಟೀರಿಂಗ್ ಹಿಡಿತ ಇರುವುದು ಮುಂದಿನ ಚಕ್ರಗಳಲ್ಲಿ. ಹಾಗಾಗಿ ಕ್ಯಾರಿಯರ್ ಮೇಲೆ ಡೀಸೆಲ್ ಕ್ಯಾನು, ಹಾರೆ, ಗುದ್ದಲಿ ಎಂದು ನೇತುಹಾಕುತ್ತ ಹೋಗಬೇಡಿ. 20 ಲೀಟರ್ ಡೀಸೆಲ್ ಎಂದರೆ ಕ್ಯಾನು ಬಿಟ್ಟೇ ಹದಿನಾರು ಹದಿನೇಳು ಕೆಜಿ. ಹಿಂದಿನಿಂದ ಗುದ್ದಿದರೆ ಮೊದಲು ಸಿಡಿಯುವುದೂ ಅದೇ. ಇಂಧನವನ್ನು ಹಿಂದುಗಡೆ ಹೊರಗೆ ಕಟ್ಟುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಚಕ್ರದ ಹೊಸ ಜಾಗ ಬ್ರೇಕ್ ದೀಪವನ್ನೋ ನಂಬರ್ ಪ್ಲೇಟನ್ನೋ ಮರೆಮಾಡಿದರೆ ಚಿತ್ರ ತಿದ್ದಿ. ಹಿಂದಿನ ಕ್ಯಾಮೆರಾ ಏನು ನೋಡುತ್ತಿದೆ ಎಂದೂ ಪರೀಕ್ಷಿಸಿ.

11. ಬಣ್ಣಕ್ಕೆ ಮುಂಚೆ ತೂತು.
ಪೈಪಿನ ತುದಿಗಳನ್ನು ಮುಚ್ಚಿಸಿ, ಅಡಿಯಲ್ಲಿ ನೀರು ಬಸಿಯಲು ಸಣ್ಣ ತೂತು ಕೊಡಿಸಿ. ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ಪೌಡರ್ ಕೋಟಿಂಗ್ ವಿಚಾರಿಸಿ. ಸಿಗದಿದ್ದರೆ ರೆಡ್ ಆಕ್ಸೈಡ್ ಎರಡು ಸಲ, ಮೇಲೆ ಎನಾಮೆಲ್. ಕೀಲಿನ ಒಳಮೈಗೆ ಬಣ್ಣ ತಾಗಬಾರದು.

12. ಕಾಡಿಗೆ ಹೋಗಿ ಪರೀಕ್ಷಿಸಬೇಡಿ.
ದೇವರಾಯನದುರ್ಗದ ಮೀಸಲು ಅರಣ್ಯದೊಳಗೆ, ಬುಕ್ಕಾಪಟ್ಟಣದ ಚಿಂಕಾರಾ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಕಡಬ, ಹಾಗಲವಾಡಿ ಕಡೆ ಪರಿಚಯದವರ ತೋಟದ ದಾರಿಯೇ ಬೇಕಾದಷ್ಟು ಕುಲುಕುತ್ತದೆ. ಹೊರಡುವ ಮುಂಚೆ ಪ್ರತಿ ನಟ್ಟಿನಿಂದ ಕಬ್ಬಿಣದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ಕಿಲೋಮೀಟರ್ ಓಡಿಸಿ ಇಳಿದು ನೋಡಿ; ಗೆರೆ ಮುರಿದಿದ್ದರೆ ಆ ನಟ್ಟು ತಿರುಗಿದೆ. ಮತ್ತೆ ಬಿಗಿದು 100 ಕಿಲೋಮೀಟರ್ ಆದಾಗ ಒಮ್ಮೆ, 500 ಆದಾಗ ಒಮ್ಮೆ ನೋಡಿ. ಚಿಲಕ ತೆಗೆದು, ತೋಳಿನ ತುದಿ ಹಿಡಿದು ಮೇಲಕ್ಕೆ ಎತ್ತಿ. ಕೈಗೆ ಆಟ ತಿಳಿದರೆ ಅಂದೇ ಲೇತ್ ಅಂಗಡಿಗೆ ತೆಗೆದುಕೊಂಡು ಹೋಗಿ. ಗ್ರೀಸನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೊಡೆಸಿ. ಹಳೆಯ ಗ್ರೀಸು ಕೊಳವೆಯ ಅಂಚಿನಿಂದ ಹೊರಗೆ ಇಣುಕುವವರೆಗೆ.