ಅಪ್ಪನ ಹೊಲದಿಂದ ಮಾತು ಶುರುಮಾಡಿ

ಓದಿ ಊರಿಗೆ ಬಂದ ಮಕ್ಕಳೇ, ನೀವು ಹವಾಮಾನ ಬದಲಾವಣೆ ಅಂತ ಬಾಯಿ ತೆರೆದರೆ ಚಳ್ಳಕೆರೆ ಸೀಮೆಯ ಹಿರಿಯರು ಮೊದಲು ಕೇಳುವುದೇ "ಬರ ನಮಗೇನು ಹೊಸದಾ?" ಅಂತ. ಆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. 1876–78ರ ಧಾತು ಬರವನ್ನು ಕಂಡ ನೆಲ ಇದು. ಬರ ಹಳೆಯದೇ ಎಂದು ಒಪ್ಪಿಕೊಳ್ಳಿ. ಪ್ರತಿ ಬರವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ, ಒಂದು ಒಳ್ಳೆಯ ಮಳೆ ಬಂದ ದಿನ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. 2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. "ಎಲ್ಲಪ್ಪಾ ನಿನ್ನ ಬದಲಾವಣೆ?" ಅನ್ನುವವರಿಗೆ ಅದೇ ಸಾಕಲ್ಲ! ಮರುವರ್ಷವೇ ಚಳ್ಳಕೆರೆ, ಮೊಳಕಾಲ್ಮುರು ಬರಪೀಡಿತ ತಾಲ್ಲೂಕುಗಳ ಪಟ್ಟಿ ಸೇರಿದವು. ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ಮಾತಾಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಸುರಿದಾಗ ಜೋರಾಗಿ ಸುರಿಯುತ್ತದೆ, ಮಳೆ ಬಿಟ್ಟಾಗ ಬಿಸಿಲಿಗೆ ಹಸಿ ಬೇಗ ಆರುತ್ತದೆ. ಇಷ್ಟು ಹೇಳಿ, ನಿಲ್ಲಿಸಿ.

ಆಮೇಲೆ ಹೊಲಕ್ಕೆ ಹೋಗಿ. ಒಂದು ಶೇಂಗಾ ಗಿಡ ಕಿತ್ತು ಬುಡ ನೋಡಿ. ಹೂ ಬಿದ್ದ ಜಾಗದಿಂದ ಕಾಯಿ ಕಟ್ಟುವ ಸೂಜಿ ಕೆಳಗಿಳಿದಿರುತ್ತದೆ, ಆದರೆ ಮಣ್ಣು ಗಟ್ಟಿಯಾಗಿ ಒಳಗೆ ಹೋಗಲಾರದೆ ತುದಿ ಒಣಗಿರುತ್ತದೆ. ಒಳಗೆ ಹೋದವುಗಳಲ್ಲೂ ಕೆಲವು ಜೊಳ್ಳು. ಮಳೆ ಯಾವ ವಾರ ಕೈಕೊಟ್ಟಿತು ಅಂತ ಅಪ್ಪನನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ.

ನಮ್ಮ ಪಕ್ಕದ ಪಾವಗಡ–ಅನಂತಪುರ ಸೀಮೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮಾಡಿದ್ದೂ ಇದನ್ನೇ. ರೈತರೂ ವಿಜ್ಞಾನಿಯೂ ಆದ ಪಿ.ಆರ್. ಶೇಷಗಿರಿ ರಾವ್ ಅವರ ಜೊತೆ ಸೇರಿ, ಮೊದಲು ರೈತರ ಪ್ರಶ್ನೆ ಕೇಳಿಸಿಕೊಂಡು, ನಂತರ ದಶಕಗಳ ಮಳೆ ಲೆಕ್ಕ ತೆಗೆದರು. ಜುಲೈ ಮಧ್ಯದ ಮೇಲೆ ಬಿತ್ತಿದ ಶೇಂಗಾಕ್ಕೆ ಅಪಾಯ ಕಡಿಮೆ ಅಂತ ಕಂಡುಬಂತು. ಅದಕ್ಕಿಂತ ದೊಡ್ಡದು ಅವರು ಗುರುತಿಸಿದ ಇನ್ನೊಂದು ಸಂಗತಿ: ನಮ್ಮ ಹಿರಿಯರ ಮಳೆ ತಿಳಿವಳಿಕೆ ನವಣೆ, ಸಜ್ಜೆಯಂಥ ಹಳೆಯ ಮಿಶ್ರ ಬೆಳೆಗಳ ಕಾಲದಲ್ಲಿ ಪಳಗಿದ್ದು, 1970ರ ದಶಕದಿಂದೀಚೆ ಟಿಎಂವಿ–2 ತಳಿಯ ಶೇಂಗಾ ಹೊಲವನ್ನೆಲ್ಲ ತುಂಬಿಕೊಂಡಾಗ ಆ ತಿಳಿವಳಿಕೆಗೆ ಹೊಸ ಬೆಳೆಯ ಅನುಭವ ಇರಲಿಲ್ಲ. ಇದನ್ನು ಮನೆಯಲ್ಲಿ ಹೇಳಿ ನೋಡಿ. ತಾತ ದಡ್ಡನಾಗುವುದಿಲ್ಲ, ಅವನ ಮಳೆ ಗಾದೆ ಸುಳ್ಳಾಗುವುದಿಲ್ಲ, ಆದರೂ ಬಿತ್ತನೆಯ ದಿನ ಬದಲಿಸಲು ದಾರಿ ತೆರೆಯುತ್ತದೆ. ಮನಸ್ಸು ಬದಲಿಸುವವರಿಗೆ ಮರ್ಯಾದೆ ಉಳಿಸಿಕೊಳ್ಳಲು ಜಾಗ ಬೇಕು. ಗೌರಸಮುದ್ರದ ಜಾತ್ರೆಯಲ್ಲಿ ನಾಲ್ಕು ಜನರೆದುರು ವಾದಿಸಿ ಸೋಲಿಸಿದರೆ ಆ ಜಾಗವೇ ಹೋಯಿತು.

ರೈತರೇ ಅಪರಾಧಿ ಅನ್ನುವ ಹಾಗೂ ಮಾತಾಡಬೇಡಿ. ಮಳೆಯಾಶ್ರಿತ ರೈತ ಗಾಳಿಗೆ ಬಿಟ್ಟ ಹೊಗೆ ಎಷ್ಟು, ಕಾರ್ಖಾನೆ ಕಟ್ಟಿ ಬೆಳೆದ ದೇಶಗಳದ್ದೆಷ್ಟು? ಈ ಅನ್ಯಾಯ ಅವರಿಗೆ ಹೊಳೆಯುತ್ತದೆ. ಅದನ್ನು ನೀವೇ ಮೊದಲು ಹೇಳಿ.

ಈ ಮುಂಗಾರಿಗೆ ಒಂದು ಎಕರೆ ಕೇಳಿ ಪಡೆಯಿರಿ. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು, ಪಕ್ಕಕ್ಕೆ ನವಣೆ. ಸುರಿದ ಮಳೆಯನ್ನು ಅಳೆದು ಅಂಕಿಯನ್ನು ಅಪ್ಪನ ಕೈಯಲ್ಲೇ ಬರೆಸಿ. "ಮುಂದಿನ ವರ್ಷ ಇನ್ನೊಂದೆಕರೆ ಹೀಗೇ ಹಾಕೋಣ" ಅಂತ ಅವರು ಅಂದರೆ, ಹವಾಮಾನ ಬದಲಾವಣೆಯನ್ನು ನಂಬಿದಿರಾ ಅಂತ ಕೇಳಲು ಹೋಗಬೇಡಿ. ಬೀಜ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ.